ಭತ್ತ ಬೆಳೆಯದ ನೆಲದ ಹೂಜಿ ಗಿಡಗಳು



ಬೋರ್ನಿಯೋ ದ್ವೀಪದ ಇಬಾನ್ ಜನರ ಭಾಷೆಯಲ್ಲಿ ‘ಕೆರಂಗಾಸ್’ ಎಂಬ ಪದವೊಂದಿದೆ. ಕಾಡು ಕಡಿದು ಬಿತ್ತಿದರೂ ಭತ್ತ ಬೆಳೆಯದ ನೆಲ ಎಂಬುದು ಅದರ ಅರ್ಥ. ಬಿಳಿ ಮರಳು, ಹುಳಿ ಮಣ್ಣು, ಚಹಾದ ಬಣ್ಣದ ನೀರು, ಕುಳ್ಳಗೆ ಸಣ್ಣಗೆ ಬೆಳೆದ ಮರಗಳು. ಇವು ಆ ನೆಲದ ಗುರುತುಗಳು. ಬೇಸಾಯಗಾರನು ನೋಡಿ ಬಿಟ್ಟುಹೋದ ಈ ನೆಲವನ್ನು ಸಸ್ಯಶಾಸ್ತ್ರಜ್ಞನು ಹುಡುಕಿಕೊಂಡು ಬರುತ್ತಾನೆ. ಹೂಜಿ ಗಿಡಗಳು ಸೊಂಪಾಗಿ ಬೆಳೆಯುವ ತಾಣಗಳಲ್ಲಿ ಇದೂ ಒಂದು.

ದಟ್ಟ ಕಾಡು ಇರುವಲ್ಲಿ ಮಣ್ಣು ಫಲವತ್ತಾಗಿರಲೇಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಕುಮರಿ ಬೇಸಾಯವನ್ನು ಬಲ್ಲ ಮಲೆನಾಡಿನ ಹಿರಿಯರಿಗೆ ಮಾತ್ರ ಈ ಭ್ರಮೆ ಇರಲಾರದು. ಕಡಿದು ಸುಟ್ಟ ನೆಲ ಮೊದಲ ವರ್ಷ ಚೆನ್ನಾಗಿ ಕೊಡುತ್ತದೆ, ಎರಡನೆಯ ವರ್ಷ ಕೈಹಿಡಿಯುತ್ತದೆ, ಆಮೇಲೆ ಸೊರಗುತ್ತದೆ. ಮಳೆಕಾಡಿನ ಸತ್ತ್ವವೆಲ್ಲ ಮರದಲ್ಲಿ ಮತ್ತು ನೆಲಕ್ಕೆ ಬಿದ್ದ ತರಗೆಲೆಯಲ್ಲಿ ಇರುತ್ತದೆ. ಕೆಳಗಿನ ಮಣ್ಣನ್ನು ಮಳೆ ತೊಳೆದು ಬರಿದು ಮಾಡಿರುತ್ತದೆ. ಮರಳು, ಬಂಡೆ ಅಥವಾ ಕೊಳೆತ ಜೌಗಿನ ಮೇಲೆ ಬೇರೂರಿದ ಗಿಡಕ್ಕೆ ಆ ತರಗೆಲೆಯ ಪಾಲೂ ಸರಿಯಾಗಿ ದಕ್ಕುವುದಿಲ್ಲ. ಬಿಸಿಲಿದೆ, ನೀರಿದೆ, ಗಾಳಿಯಿದೆ. ಸಾರಜನಕ ಮತ್ತು ರಂಜಕ ಮಾತ್ರ ಇಲ್ಲ. ಈ ಎರಡನ್ನು ಬೇರಿನಿಂದ ಪಡೆಯಲಾರದ ಕೆಲವು ಗಿಡಗಳು ಎಲೆಯಿಂದ ಪಡೆಯುವ ದಾರಿಯನ್ನು ಕಂಡುಕೊಂಡವು. ಹೂಜಿ ಗಿಡವು ಕೀಟವನ್ನು ತಿಂದು ಬದುಕುತ್ತದೆ ಎಂಬ ಮಾತು ಆದ್ದರಿಂದ ಅರ್ಧ ಸತ್ಯ. ಅನ್ನವನ್ನು ಅದು ಬೇರೆಲ್ಲ ಗಿಡಗಳಂತೆ ಬಿಸಿಲಿನಲ್ಲಿ ತಾನೇ ಬೇಯಿಸಿಕೊಳ್ಳುತ್ತದೆ. ಕೀಟದಿಂದ ಅದು ಪಡೆಯುವುದು ಗೊಬ್ಬರವನ್ನು.

ಉಷ್ಣವಲಯದ ಈ ಹೂಜಿ ಗಿಡಗಳ ಕುಲಕ್ಕೆ ನೆಪೆಂಥಿಸ್ ಎಂದು ಹೆಸರು. ಅಮೆರಿಕದಲ್ಲಿಯೂ ಹೂಜಿ ಗಿಡಗಳಿವೆ. ಅವುಗಳ ವಂಶವೇ ಬೇರೆ. ನೆಪೆಂಥಿಸ್ ಕುಲದಲ್ಲಿ 160ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಇಂದಿಗೂ ಹೊಸವು ಸೇರುತ್ತಲೇ ಇವೆ. ಪಶ್ಚಿಮದಲ್ಲಿ ಮಡಗಾಸ್ಕರ್ ಮತ್ತು ಸೇಶೆಲ್ಸ್, ಅಲ್ಲಿಂದ ಶ್ರೀಲಂಕಾ, ಈಶಾನ್ಯ ಭಾರತ, ಮಲಯ, ಸುಮಾತ್ರಾ, ಬೋರ್ನಿಯೋ, ಫಿಲಿಪ್ಪೀನ್ಸ್, ನ್ಯೂಗಿನಿ, ಉತ್ತರ ಆಸ್ಟ್ರೇಲಿಯಾದ ತುದಿ ಮತ್ತು ನ್ಯೂ ಕ್ಯಾಲೆಡೋನಿಯಾದವರೆಗೆ ಇವುಗಳ ಹರವು. ಯುರೋಪಿನ ಬರಹಗಳಲ್ಲಿ ಇದರ ಮೊದಲ ವರ್ಣನೆ ಬರುವುದು 1658ರಲ್ಲಿ. ಮಡಗಾಸ್ಕರಿನಲ್ಲಿ ಫ್ರೆಂಚ್ ಅಧಿಕಾರಿಯಾಗಿದ್ದ ಎತಿಯೆನ್ ದ ಫ್ಲಾಕೂರ್ ಅದನ್ನು ಬರೆದನು. 1737ರಲ್ಲಿ ಲಿನೇಯಸ್ ಇದಕ್ಕೆ ನೆಪೆಂಥಿಸ್ ಎಂಬ ಹೆಸರಿಟ್ಟನು. ಹೋಮರನ ಕಾವ್ಯದಲ್ಲಿ ಹೆಲೆನ್ ಮದ್ಯಕ್ಕೆ ಬೆರೆಸುವ, ದುಃಖವನ್ನು ಮರೆಸುವ ಔಷಧಿಯ ಹೆಸರು ಅದು. ಹೂಜಿಯೊಳಕ್ಕೆ ಜಾರಿದ ಇರುವೆಯ ಪಾಲಿಗೆ ಹೆಸರು ಒಂದು ರೀತಿಯಲ್ಲಿ ಸರಿಯೇ ಇದೆ.

ಹೂಜಿಯನ್ನು ನೋಡಿದವರು ಮೊದಲು ಅದನ್ನು ಹೂವೆಂದೇ ತಿಳಿಯುತ್ತಾರೆ. ಅದು ಹೂವಲ್ಲ, ಎಲೆಯ ತುದಿ. ಎಲೆಯ ನಡುನರವು ಎಲೆಯನ್ನು ದಾಟಿ ಮುಂದಕ್ಕೆ ಬಳ್ಳಿಕುಡಿಯಂತೆ ಚಾಚುತ್ತದೆ. ಆ ಕುಡಿಯ ತುದಿ ಉಬ್ಬಿ, ಗಾಳಿ ತುಂಬಿದ ಚೀಲದಂತಾಗಿ, ಮೇಲ್ಮುಖವಾಗಿ ತಿರುಗಿ ಹೂಜಿಯಾಗುತ್ತದೆ. ಬಲಿಯುವವರೆಗೆ ಮುಚ್ಚಳ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಒಳಗಿನ ರಸವು ಮಳೆನೀರಲ್ಲ, ಗಿಡವೇ ಒಸರಿದ್ದು. ಮುಚ್ಚಳ ತೆರೆದ ಮೇಲೆ ಅದೇ ಮುಚ್ಚಳ ಕೊಡೆಯಂತೆ ನಿಂತು, ಮಳೆನೀರು ತುಂಬಿ ರಸ ತೆಳುವಾಗದಂತೆ ಕಾಯುತ್ತದೆ. ಒಂದೇ ಗಿಡದಲ್ಲಿ ಎರಡು ಬಗೆಯ ಹೂಜಿಗಳಿರುವುದೂ ಸಾಮಾನ್ಯ. ನೆಲದ ಬಳಿಯವು ದುಂಡಗೆ, ಹೊಟ್ಟೆ ಬಿಟ್ಟುಕೊಂಡು ಕುಳಿತಿರುತ್ತವೆ. ಬಳ್ಳಿ ಮೇಲೇರಿದ ನಂತರ ಬಿಡುವವು ನೀಳವಾಗಿ ಆಲಿಕೆಯ ಆಕಾರದಲ್ಲಿ ತೂಗುತ್ತವೆ. ಕೆಳಗಿನವು ಹರಿದಾಡುವ ಹುಳುಗಳನ್ನೂ ಮೇಲಿನವು ಹಾರುವವುಗಳನ್ನೂ ಹೆಚ್ಚಾಗಿ ಹಿಡಿಯುತ್ತವೆ. ಲೆಕ್ಕದಲ್ಲಿ ಮಾತ್ರ ಇರುವೆಗಳದೇ ಮೇಲುಗೈ.

ಹಿಡಿಯುವ ಕ್ರಮ ಹೇಗೆ? ಬಹುಕಾಲದವರೆಗೆ ಹೂಜಿಯ ಒಳಗೋಡೆಯ ಮೇಣವೇ ಎಲ್ಲಕ್ಕೂ ಕಾರಣ ಎಂದು ಭಾವಿಸಲಾಗಿತ್ತು. ಒಳಗೋಡೆಯ ಮೇಲ್ಭಾಗದಲ್ಲಿ ಪುಡಿಪುಡಿಯಾದ ಮೇಣದ ಲೇಪವಿರುವುದು ನಿಜ. ಹುಳುವಿನ ಕಾಲು ಅಲ್ಲಿ ನಿಲ್ಲುವುದಿಲ್ಲ. ಆದರೆ 2004ರಲ್ಲಿ ಹೋಲ್ಗರ್ ಬೋನ್ ಮತ್ತು ವಾಲ್ಟರ್ ಫೆಡರ್ಲೆ ಎಂಬ ವಿಜ್ಞಾನಿಗಳು ಹೂಜಿಯ ಬಾಯಂಚಿನ ಗುಟ್ಟನ್ನು ಬಯಲು ಮಾಡಿದರು. ಹೊಳೆಯುವ, ಒಳಮುಖವಾಗಿ ಸಣ್ಣ ಸಣ್ಣ ಏಣುಗಳಿರುವ ಆ ಅಂಚು ನೀರನ್ನು ತನ್ನ ಮೇಲೆ ತೆಳುವಾದ ಹಾಳೆಯಂತೆ ಹರಡಿಕೊಳ್ಳುತ್ತದೆ. ಒಣಗಿದ್ದಾಗ ಇರುವೆ ಅದರ ಮೇಲೆ ನಿರಾತಂಕವಾಗಿ ನಡೆದು ಜೇನು ನೆಕ್ಕಿ ಹೋಗುತ್ತದೆ. ಮಳೆ ಹನಿದಾಗ ಅಥವಾ ಮಂಜು ಕವಿದಾಗ ಅದೇ ಅಂಚು ಮಳೆಗಾಲದ ಪಾಚಿಗಟ್ಟಿದ ಕಲ್ಲಾಗುತ್ತದೆ. ಪಾಚಿಯ ಮೇಲೆ ಕಾಲಿಟ್ಟವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದಿನದ ಬಹುಪಾಲು ಹೊತ್ತು ಕೆಲಸ ಮಾಡದ ಬಲೆಯಿಂದ ಗಿಡಕ್ಕೆ ಏನು ಲಾಭ? ಉಲ್ರಿಕೆ ಬಾವರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಉತ್ತರವನ್ನು ಕೊಟ್ಟಿದೆ. ಅಂಚು ಸದಾ ಒದ್ದೆಯಾಗಿದ್ದರೆ ಜೇನು ಹುಡುಕಿ ಬಂದ ಮೊದಲ ಇರುವೆಯೇ ಬಿದ್ದುಹೋಗುತ್ತದೆ. ಸುದ್ದಿ ಗೂಡಿಗೆ ಮುಟ್ಟುವುದಿಲ್ಲ. ಒಣ ಹೊತ್ತಿನಲ್ಲಿ ಬಂದ ಇರುವೆ ಸುರಕ್ಷಿತವಾಗಿ ಮರಳಿ ಹೋಗಿ ಸಾಲುಸಾಲಾಗಿ ಬಳಗವನ್ನು ಕರೆತರುತ್ತದೆ. ಆ ಬಳಿಕ ಅಂಚು ತೇವಗೊಂಡರೆ ಗುಂಪೇ ಒಳಗೆ. ಗಿಡವು ಲೆಕ್ಕ ಹಾಕಿ ಹೀಗೆ ಮಾಡುತ್ತದೆ ಎಂದಲ್ಲ. ಹೀಗಾದ ಗಿಡಗಳಿಗೆ ಹೆಚ್ಚು ಗೊಬ್ಬರ ದಕ್ಕಿತು, ಹೆಚ್ಚು ಬೀಜವಾಯಿತು, ಆ ಗುಣ ಉಳಿಯಿತು.

ಬಿದ್ದ ಹುಳು ಈಜಿ ಪಾರಾಗುವುದೂ ಕಷ್ಟ. ಕೆಲವು ಪ್ರಭೇದಗಳ ರಸ ಲೋಳೆಯಂತಿದ್ದು, ಹುಳು ಒದ್ದಾಡಿದಷ್ಟೂ ಎಳೆಎಳೆಯಾಗಿ ಅಂಟಿಕೊಳ್ಳುತ್ತದೆ. ತಳದ ಗ್ರಂಥಿಗಳು ಆಮ್ಲವನ್ನೂ, ಮಾಂಸಾಂಶವನ್ನು ಕರಗಿಸುವ ಕಿಣ್ವಗಳನ್ನೂ ಸುರಿಸುತ್ತವೆ. ಪ್ರಾಣಿಯ ಹೊಟ್ಟೆಯ ಕೆಲಸವನ್ನೇ ಎಲೆಯೊಂದು ಮಾಡುತ್ತದೆ ಎಂಬುದನ್ನು ಪ್ರಯೋಗದಿಂದ ತೋರಿಸಿದವನು ಜೋಸೆಫ್ ಹೂಕರ್. ಮೊಟ್ಟೆಯ ಬಿಳಿ, ಹಸಿ ಮಾಂಸ ಮೊದಲಾದವುಗಳ ತುಣುಕುಗಳನ್ನು ಹೂಜಿಗೆ ಹಾಕಿ, ಅವು ಕರಗುವುದನ್ನು ನೋಡಿ, 1874ರಲ್ಲಿ ಬೆಲ್‌ಫಾಸ್ಟ್ ನಗರದ ವಿಜ್ಞಾನ ಸಮ್ಮೇಳನದಲ್ಲಿ ಅವನು ಅದನ್ನು ಸಾದರಪಡಿಸಿದನು. ಮರುವರ್ಷವೇ ಅವನ ಗೆಳೆಯ ಚಾರ್ಲ್ಸ್ ಡಾರ್ವಿನ್ ಕೀಟಾಹಾರಿ ಸಸ್ಯಗಳ ಕುರಿತ ತನ್ನ ಪುಸ್ತಕವನ್ನು ಹೊರತಂದನು.

ಇಷ್ಟನ್ನೇ ಕೇಳಿದರೆ ಹೂಜಿಯೆಂಬುದು ಸಾವಿನ ಬಾವಿ ಎನಿಸೀತು. ವಾಸ್ತವವಾಗಿ ಅದೊಂದು ಪುಟ್ಟ ಕೆರೆ. ಸೊಳ್ಳೆ ಮತ್ತು ನೊಣದ ಮರಿಗಳು ಆ ರಸದಲ್ಲಿಯೇ ಹುಟ್ಟಿ ಬೆಳೆಯುತ್ತವೆ; ಬಿದ್ದ ಹುಳುವನ್ನು ತಾವು ತಿಂದು ಗಿಡಕ್ಕೆ ನುಣ್ಣಗೆ ಮಾಡಿಕೊಡುತ್ತವೆ. ಬೋರ್ನಿಯೋದ ನೆಪೆಂಥಿಸ್ ಬೈಕಾಲ್ಕರೇಟಾ ಎಂಬ ಪ್ರಭೇದದ ಕುಡಿಯು ಟೊಳ್ಳಾಗಿ ಉಬ್ಬಿದ್ದು, ಅದರೊಳಗೆ ಒಂದು ಜಾತಿಯ ಇರುವೆಗಳು ಗೂಡು ಮಾಡುತ್ತವೆ. ಈ ಇರುವೆಗಳು ಜಾರುವ ಅಂಚಿನ ಮೇಲೆ ಜಾರದೆ ಓಡಾಡುತ್ತವೆ, ರಸಕ್ಕೆ ಇಳಿದು ಈಜುತ್ತವೆ, ದೊಡ್ಡ ಬೇಟೆಯನ್ನು ಮೇಲಕ್ಕೆ ಎಳೆದು ತಿನ್ನುತ್ತವೆ, ಅಂಚಿನಲ್ಲಿ ಬೂಷ್ಟು ಬೆಳೆಯದಂತೆ ಶುಚಿಯಾಗಿಡುತ್ತವೆ. ಇರುವೆಯನ್ನೇ ಉಣ್ಣುವ ಗಿಡ ಇರುವೆಗೇ ಮನೆ ಕೊಟ್ಟು ಸಾಕಿಕೊಂಡಿದೆ! ನೆಪೆಂಥಿಸ್ ಆಂಪುಲೇರಿಯಾದ ಹಳೆಯ ಹೂಜಿಗಳಲ್ಲಿ ಮೊಟ್ಟೆಯಿಡುವ, ಬಟಾಣಿ ಕಾಳಿನ ಗಾತ್ರದ ಕಪ್ಪೆಯನ್ನು ವಿಜ್ಞಾನಿಗಳು 2010ರಲ್ಲಿ ವರ್ಣಿಸಿದರು.

ಈ ಆಂಪುಲೇರಿಯಾ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ವಿಶೇಷವಾಗಿ ಪರಿಚಯವಾಗಬೇಕಾದ ಗಿಡ. ಕಾಡಿನ ನೆರಳಿನಲ್ಲಿ, ನೆಲದ ಮೇಲೆ ಇದರ ದುಂಡು ಹೂಜಿಗಳು ಗುಂಪುಗುಂಪಾಗಿ ಗಡಿಗೆಗಳನ್ನು ಜೋಡಿಸಿಟ್ಟಂತೆ ಕುಳಿತಿರುತ್ತವೆ. ಇದರ ಮುಚ್ಚಳ ಕಿರಿದಾಗಿ ಹಿಂದಕ್ಕೆ ಮಡಿಚಿಕೊಂಡಿರುತ್ತದೆ. ಮಳೆ ಬೀಳಲಿ, ಎಲೆ ಬೀಳಲಿ, ಬಾಯಿ ತೆರೆದೇ ಇದೆ. ಮರದಿಂದ ಉದುರುವ ತರಗೆಲೆಯೇ ಇದರ ಆಹಾರದ ದೊಡ್ಡ ಭಾಗ. ಎಲೆಯಲ್ಲಿರುವ ಸಾರಜನಕದ ಸುಮಾರು ಮೂರನೆಯ ಒಂದು ಪಾಲು ತರಗೆಲೆಯಿಂದಲೇ ಬಂದದ್ದೆಂದು ಅಳೆದು ತೋರಿಸಲಾಗಿದೆ. ಸೊಪ್ಪಿನ ಬೆಟ್ಟದಿಂದ ದರಕು ಗುಡಿಸಿ ತಂದು ತೋಟಕ್ಕೆ ಹಾಕುವ ಕೆಲಸವನ್ನು ಈ ಗಿಡ ಕೂತಲ್ಲಿಯೇ ಮಾಡುತ್ತದೆ. ಮೇಲಿನ ಮರ ಹೋದರೆ ಇದರ ಗೊಬ್ಬರವೂ ಹೋಯಿತು.

ಮಲೇಷ್ಯಾದ ಜನರು ಹೂಜಿ ಗಿಡವನ್ನು ‘ಪೆರಿಯುಕ್ ಕೆರಾ’, ಅಂದರೆ ಮಂಗನ ಗಡಿಗೆ ಎಂದು ಕರೆಯುತ್ತಾರೆ. ಹೂಜಿಗಳನ್ನು ತೊಳೆದು, ಅಂಟಕ್ಕಿ ಮತ್ತು ತೆಂಗಿನ ಹಾಲು ತುಂಬಿ, ಹಬೆಯಲ್ಲಿ ಬೇಯಿಸಿದ ಕಡುಬು ಅಲ್ಲಿನ ಜನಪ್ರಿಯ ತಿನಿಸು. ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುವ ನಾಡಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ.

ಇನ್ನು ಬೆಟ್ಟದ ಮೇಲಿನ ಕಥೆ. ಬೋರ್ನಿಯೋದ ಕಿನಬಾಲು ಪರ್ವತ 4,095 ಮೀಟರ್ ಎತ್ತರವಿದೆ. ಅದರ ಮತ್ತು ನೆರೆಯ ತಂಬುಯುಕೋನ್ ಬೆಟ್ಟದ ಇಳಿಜಾರುಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಕಾಡಿನಲ್ಲಿ ಸಿಗದ ಗಿಡ ನೆಪೆಂಥಿಸ್ ರಾಜಾ. ಸರವಾಕಿನ ದೊರೆಯಾಗಿದ್ದ ಜೇಮ್ಸ್ ಬ್ರೂಕನ ಗೌರವಾರ್ಥ ಹೂಕರ್ 1859ರಲ್ಲಿ ಈ ಹೆಸರಿಟ್ಟನು. ಇದರ ದೊಡ್ಡ ಹೂಜಿಯೊಂದು ಮೂರು ಲೀಟರಿಗೂ ಹೆಚ್ಚು ನೀರು ಹಿಡಿಯಬಲ್ಲದು. ಇದರೊಳಗೆ ಇಲಿ ಮುಳುಗಿ ಸತ್ತದ್ದನ್ನು ಹಳೆಯ ಪ್ರವಾಸಿಗರು ಕಂಡು ಬರೆದದ್ದರಿಂದ ‘ಇಲಿ ತಿನ್ನುವ ಗಿಡ’ ಎಂಬ ಖ್ಯಾತಿ ಇದಕ್ಕೆ ಅಂಟಿತು. ಪತ್ರಿಕೆಗಳಿಗೆ ಅಂಥ ಸುದ್ದಿ ಇಷ್ಟ. ಆದರೆ ಇಲಿ ಬೀಳುವುದು ತೀರ ಅಪರೂಪ. ಚಾರ್ಲ್ಸ್ ಕ್ಲಾರ್ಕ್, ಜೊನಾಥನ್ ಮೊರಾನ್ ಮತ್ತು ಸಂಗಡಿಗರು 2009 ಮತ್ತು 2010ರಲ್ಲಿ ಪ್ರಕಟಿಸಿದ ಅಧ್ಯಯನಗಳು ತೋರಿಸಿಕೊಟ್ಟ ಸಂಗತಿ ಇದಕ್ಕಿಂತ ಎಷ್ಟೋ ಸ್ವಾರಸ್ಯಕರವಾಗಿದೆ.

ಆ ಬೆಟ್ಟಗಳಲ್ಲಿ ಅಳಿಲನ್ನು ಹೋಲುವ, ಟ್ರೀ ಶ್ರೂ ಎಂದು ಕರೆಯುವ ಚೂಪು ಮೂತಿಯ ಪ್ರಾಣಿಯೊಂದಿದೆ. ನೆಪೆಂಥಿಸ್ ಲೋವಿಯೈ ಎಂಬ ಪ್ರಭೇದದ ಮೇಲಿನ ಹೂಜಿಗಳು ಗಟ್ಟಿ ಮರದ ಬಟ್ಟಲಿನಂತಿದ್ದು, ಅವುಗಳ ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂಥ ಬಿಳಿ ಸಿಹಿ ಪದಾರ್ಥ ಒಸರುತ್ತದೆ. ಅದನ್ನು ನೆಕ್ಕಲು ಪ್ರಾಣಿಯು ಹೂಜಿಯ ಮೇಲೆ ಕಾಲಗಲಿಸಿ ಕೂರಬೇಕು. ಹಾಗೆ ಕೂತಾಗ ಅದರ ಹಿಂಭಾಗ ನೇರವಾಗಿ ಹೂಜಿಯ ಬಾಯಿಯ ಮೇಲೆ ಬರುತ್ತದೆ. ನೆಕ್ಕುತ್ತ ನೆಕ್ಕುತ್ತ ಅದು ಹಿಕ್ಕೆ ಹಾಕಿ ಹೋಗುತ್ತದೆ. ಗಿಡಕ್ಕೆ ಬೇಕಾದದ್ದು ಅದೇ. ಅಳೆದು ನೋಡಿದಾಗ ಲೋವಿಯೈ ಗಿಡದ ಎಲೆಯ ಸಾರಜನಕದಲ್ಲಿ ಶೇಕಡ 57ರಿಂದ 100ರಷ್ಟು ಈ ಹಿಕ್ಕೆಯಿಂದಲೇ ಬಂದಿತ್ತು. ಇಲ್ಲಿ ಹೂಜಿಯ ಅಂಚು ಜಾರುವುದಿಲ್ಲ. ಕೊಲ್ಲುವ ಸಾಮರ್ಥ್ಯವನ್ನು ಬಿಟ್ಟುಕೊಟ್ಟು ಗಿಡವು ಶೌಚಾಲಯವಾಯಿತು. ನೆಪೆಂಥಿಸ್ ರಾಜಾ ಎರಡನ್ನೂ ಮಾಡುತ್ತದೆ: ಇರುವೆಯನ್ನು ಹಿಡಿಯುತ್ತದೆ, ಟ್ರೀ ಶ್ರೂವಿನಿಂದ ಹಿಕ್ಕೆಯನ್ನೂ ಪಡೆಯುತ್ತದೆ. ಅದರ ಬಾಯಿ ಮತ್ತು ಮುಚ್ಚಳದ ನಡುವಣ ಅಂತರ ಆ ಪ್ರಾಣಿಯ ಮೈಯುದ್ದಕ್ಕೆ ಹೊಂದುತ್ತದೆ. ಕೊಟ್ಟಿಗೆ ಗೊಬ್ಬರದ ಬೆಲೆಯನ್ನು ಬಲ್ಲವರು ಈ ಏರ್ಪಾಟನ್ನು ಕಂಡು ನಗುವುದಿಲ್ಲ.

ತಗ್ಗು ಪ್ರದೇಶದ ನೆಪೆಂಥಿಸ್ ಹೆಮ್ಸ್ಲಿಯಾನಾ ಇದೇ ಕೆಲಸಕ್ಕೆ ಬಾವಲಿಯನ್ನು ಆರಿಸಿಕೊಂಡಿದೆ. ಅದರ ನೀಳ ಹೂಜಿಯೊಳಗೆ ಹಗಲೆಲ್ಲ ಒಂದು ಜಾತಿಯ ಸಣ್ಣ ಬಾವಲಿ ಮಲಗುತ್ತದೆ. ರಸ ತಳದಲ್ಲಿ ಮಾತ್ರ ಇರುವುದರಿಂದ ಅದು ನೆನೆಯುವುದಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎಲೆಯ ಸಾರಜನಕದಲ್ಲಿ ಸುಮಾರು ಶೇಕಡ 34 ಬಾವಲಿಯ ಹಿಕ್ಕೆಯದು. ದಟ್ಟ ಹಸಿರಿನ ನಡುವೆ ಬಾವಲಿಗೆ ಈ ಹೂಜಿ ಸಿಗುವುದು ಹೇಗೆ? ಬಾವಲಿ ತನ್ನ ಕೂಗಿನ ಮಾರ್ದನಿಯಿಂದ ದಾರಿ ಕಾಣುತ್ತದೆ. ಹೂಜಿಯ ಬಾಯಿಯ ಮೇಲಣ ಹಿಂಗೋಡೆ ಆ ಕೂಗನ್ನು ಸ್ಪಷ್ಟವಾಗಿ ಹಿಂದಿರುಗಿಸುವ ಆಕಾರದಲ್ಲಿದೆ ಎಂಬುದು 2015ರಲ್ಲಿ ತಿಳಿದುಬಂದಿತು.

ಭಾರತದಲ್ಲಿ ಈ ಕುಲದ ಒಂದೇ ಪ್ರಭೇದವಿದೆ. ಮೇಘಾಲಯದ ಖಾಸಿ, ಜೈಂತಿಯಾ ಮತ್ತು ಗಾರೋ ಬೆಟ್ಟಗಳಲ್ಲಿ ಬೆಳೆಯುವ ಇದು ನೆಪೆಂಥಿಸ್ ಖಾಸಿಯಾನಾ. ಪಶ್ಚಿಮಘಟ್ಟಕ್ಕೆ ಅತಿ ಸಮೀಪದ ನೆಪೆಂಥಿಸ್ ಇರುವುದು ಶ್ರೀಲಂಕಾದಲ್ಲಿ. ಸಮುದ್ರ ದಾಟಿ ಅದು ಇತ್ತ ಬರಲಿಲ್ಲ. ಚಿರಾಪುಂಜಿಯ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 11,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಮರ ಕಡಿದ ಇಳಿಜಾರಿನ ಮಣ್ಣು ಅಲ್ಲಿ ಎಷ್ಟು ಬೇಗ ತೊಳೆದುಹೋಗುತ್ತದೆ ಎಂಬುದನ್ನು ಆಗುಂಬೆಯ ಮಳೆ ಕಂಡವರು ಊಹಿಸಬಲ್ಲರು. ಖಾಸಿ ಜನರು ಈ ಗಿಡವನ್ನು ‘ತ್ಯೂ ರಾಕೋತ್’, ರಾಕ್ಷಸ ಹೂವು ಎನ್ನುತ್ತಾರೆ. ಗಾರೋ ಜನರ ಮಾತಿನಲ್ಲಿ ಇದು ‘ಮೆಮಾಂಗ್ ಕೊಕ್ಸಿ’, ಅಂದರೆ ದೆವ್ವದ ಬುಟ್ಟಿ. ಬಾಯಿ ತೆರೆಯದ ಹೂಜಿಯ ರಸವನ್ನು ಕಣ್ಣಿನ ತೊಂದರೆಗೆ ಬಳಸುವ ರೂಢಿ ಅಲ್ಲಿದೆ. ಕೇರಳದ ಪಾಲೋಡಿನಲ್ಲಿರುವ ಜವಾಹರಲಾಲ್ ನೆಹರೂ ಉಷ್ಣವಲಯ ಸಸ್ಯೋದ್ಯಾನ ಮತ್ತು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಇದರ ಬಾಯಂಚು ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವುದನ್ನು ಕಂಡರು. ಆ ಹೊಳಪನ್ನು ಮರೆಮಾಡಿದಾಗ ಬೀಳುವ ಹುಳುಗಳ ಸಂಖ್ಯೆ ತೀರ ಕುಸಿಯಿತು.

ಈ ಗಿಡದ ಸ್ಥಿತಿ ಈಗ ಚೆನ್ನಾಗಿಲ್ಲ. ಕಲ್ಲಿದ್ದಲು ಮತ್ತು ಸುಣ್ಣಕಲ್ಲಿನ ಗಣಿಗಳು ಅದರ ನೆಲೆಯನ್ನೇ ಅಗೆದು ಹಾಕಿವೆ. ಮನುಷ್ಯ ತೆವಳಿ ಹೋಗಬೇಕಾದಷ್ಟು ಇಕ್ಕಟ್ಟಾದ ಇಲಿಬಿಲ ಗಣಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014ರ ಏಪ್ರಿಲ್‌ನಲ್ಲಿ ನಿಷೇಧಿಸಿತು. ಆದರೂ 2018ರ ಡಿಸೆಂಬರ್‌ನಲ್ಲಿ ಜೈಂತಿಯಾ ಬೆಟ್ಟದ ಅಂಥದೇ ಗಣಿಯೊಂದಕ್ಕೆ ನೀರು ನುಗ್ಗಿ ಕಾರ್ಮಿಕರು ಒಳಗೆ ಸಿಲುಕಿದರು. ನಿಷೇಧ ಎಷ್ಟರಮಟ್ಟಿಗೆ ಪಾಲನೆಯಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ರಸ್ತೆ ಅಗಲೀಕರಣ, ಬೆಂಕಿ, ದನದ ತುಳಿತ ಇವು ಉಳಿದ ಕಾರಣಗಳು.

ಎಲ್ಲಕ್ಕಿಂತ ಮೋಸದ್ದು ಕಿತ್ತು ಮಾರುವ ದಂಧೆ. ಹೂಜಿ ಗಿಡಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೂ ಬಿಡದ ಕಾಲದಲ್ಲಿ ಅವುಗಳನ್ನು ಗುರುತಿಸಲು ಆಗುವುದಿಲ್ಲ. ಒಂದು ದಿಣ್ಣೆಯ ಮೇಲಿನ ಇಪ್ಪತ್ತು ಗಿಡಗಳಲ್ಲಿ ಹದಿನೈದನ್ನು ಕಿತ್ತರೆ ಉಳಿದ ಐದೂ ಗಂಡೇ ಆಗಿರಬಹುದು. ಅವು ವರ್ಷಗಟ್ಟಲೆ ಹಸಿರಾಗಿ ನಿಂತಿರುತ್ತವೆ, ನೋಡಿದವರಿಗೆ ಗಿಡ ಇನ್ನೂ ಇದೆಯಲ್ಲ ಎನಿಸುತ್ತದೆ, ಬೀಜ ಮಾತ್ರ ಆಗುವುದಿಲ್ಲ. ಬೋರ್ನಿಯೋದ ಕೆಲಾಮ್ ಬೆಟ್ಟದ ಬಂಡೆಗೋಡೆಯಲ್ಲಷ್ಟೇ ಇರುವ ನೆಪೆಂಥಿಸ್ ಕ್ಲಿಪಿಯಾಟಾ ಸಂಗ್ರಹಕಾರರ ಕಳ್ಳತನ ಮತ್ತು ಕಾಡುಬೆಂಕಿಯಿಂದ ಅಳಿವಿನಂಚಿಗೆ ಬಂದಿದೆ. ಖಾಸಿಯಾನಾ ಮತ್ತು ರಾಜಾ ಎರಡೂ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮೊದಲನೆಯ ಅನುಬಂಧದಲ್ಲಿವೆ. ಕಾಡಿನಿಂದ ಕಿತ್ತ ಗಿಡವನ್ನು ದೇಶದಿಂದ ದೇಶಕ್ಕೆ ಮಾರುವಂತಿಲ್ಲ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಸಸ್ಯಗಳನ್ನು ಸೇರಿಸಿದಾಗ ಹೂಜಿ ಗಿಡವೂ ಪಟ್ಟಿಗೆ ಬಂತು. ಪಾಲೋಡಿನ ಸಂಸ್ಥೆಯಲ್ಲಿಯೂ, ಶಿಲ್ಲಾಂಗಿನ ನಾರ್ತ್ ಈಸ್ಟರ್ನ್ ಹಿಲ್ ವಿಶ್ವವಿದ್ಯಾಲಯದಲ್ಲಿಯೂ ಅಂಗಾಂಶ ಕೃಷಿಯಿಂದ ಇದರ ಸಸಿಗಳನ್ನು ಮಾಡಲಾಗಿದೆ. ಸಾಕಿದ ಸಸಿ ದೊರೆಯುವಾಗ ಬೆಟ್ಟದ ಗಿಡಕ್ಕೆ ಕೈಹಾಕುವವನದು ಶುದ್ಧ ದುರಾಸೆ. ದಕ್ಷಿಣ ಗಾರೋ ಬೆಟ್ಟದ ಬಾಗ್‌ಮಾರಾದಲ್ಲಿ ಈ ಗಿಡಕ್ಕಾಗಿಯೇ ಒಂದು ಅಭಯಾರಣ್ಯವಿದೆ. ಅದರ ವಿಸ್ತೀರ್ಣ ಎರಡು ಹೆಕ್ಟೇರ್, ಅಂದರೆ ಐದು ಎಕರೆಗೂ ಕಡಿಮೆ. ಮೇಘಾಲಯದ ಕಾಡಿನ ಬಹುಪಾಲು ಸರ್ಕಾರದ್ದಲ್ಲ. ಅದು ಕುಲಗಳ ಮತ್ತು ಸಮುದಾಯಗಳ ಒಡೆತನದಲ್ಲಿದೆ. ಆದ್ದರಿಂದ ಗಿಡದ ಅಳಿವು ಉಳಿವು ಬೇಲಿಯೊಳಗಿನ ಐದು ಎಕರೆಗಿಂತ ಊರವರ ತೀರ್ಮಾನವನ್ನೇ ಹೆಚ್ಚು ಅವಲಂಬಿಸಿದೆ.

ಖಾಸಿಯಾನಾಕ್ಕೆ ಬಿಸಿಲು ಬೇಕು. ತೆರೆದ ಇಳಿಜಾರು, ಕುರುಚಲು, ಬಂಡೆಯ ಅಂಚು ಅದಕ್ಕೆ ಒಗ್ಗುವ ಜಾಗಗಳು. ಅಂಥ ಜಾಗವನ್ನು ಬರಡೆಂದು ಭಾವಿಸಿ ಸಾಲುಗಿಡ ನೆಟ್ಟರೆ ಅದಕ್ಕೆ ಉಳಿಗಾಲವಿಲ್ಲ. ಈ ಮಾತು ಪಶ್ಚಿಮಘಟ್ಟಕ್ಕೂ ಅನ್ವಯಿಸುತ್ತದೆ. ಇಲ್ಲಿ ನೆಪೆಂಥಿಸ್ ಇಲ್ಲದಿದ್ದರೂ ಬೇರೆ ವಂಶದ ಕೀಟಾಹಾರಿಗಳಿವೆ. ಮಳೆಗಾಲದಲ್ಲಿ ಕೆಂಪುಕಲ್ಲಿನ ಹಾಸುಗಳ ಮೇಲೆ, ಹುಲ್ಲುಬೆಟ್ಟದ ಜಿನುಗು ನೀರಿನಲ್ಲಿ ನಾಣ್ಯದಗಲದ ಕೆಂಪು ಚಕ್ರದಂತೆ ಅಂಟಿ ಕೂತ ಡ್ರೊಸೆರಾ ಕಾಣುತ್ತದೆ. ಎಲೆಯ ರೋಮರೋಮದ ತುದಿಯಲ್ಲೂ ಇಬ್ಬನಿಯಂತೆ ಹೊಳೆಯುವ ಅಂಟಿನ ಹನಿ. ಅದರ ಬಳಿಯಲ್ಲೇ ಯುಟ್ರಿಕುಲೇರಿಯಾದ ನೀಲಿ ಹೂಗಳು ಹಾಸಿಗೆ ಹಾಸಿದಂತೆ ಅರಳುತ್ತವೆ. ಅದರ ಬಲೆಗಳು ನೀರಿನಲ್ಲಿ, ಒದ್ದೆ ಮಣ್ಣಿನಲ್ಲಿ ಅಡಗಿದ ಸಾಸಿವೆಗಿಂತಲೂ ಸಣ್ಣ ಚೀಲಗಳು. ಸೂಕ್ಷ್ಮಜೀವಿಯೊಂದು ಬಾಗಿಲ ರೋಮವನ್ನು ತಾಗಿದ ಕೂಡಲೇ, ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ, ಅದನ್ನು ನೀರಿನ ಸಮೇತ ಒಳಗೆಳೆದುಕೊಳ್ಳುತ್ತವೆ.

ಈ ಹಾಸುಗಳಲ್ಲಿಯೂ ಭತ್ತ ಬೆಳೆಯುವುದಿಲ್ಲ. ಇಬಾನರಂತೆ ಅದಕ್ಕೊಂದು ಹೆಸರಿಡುವ ಬದಲು ಕಡತಗಳಲ್ಲಿ ‘ಪಾಳುಭೂಮಿ’ ಎಂದು ಬರೆಯಲಾಯಿತು. ಅನೇಕ ಕಡೆ ಅಕೇಶಿಯಾ ನೆಡಲಾಯಿತು, ಇನ್ನನೇಕ ಕಡೆ ಚಿರೆಕಲ್ಲಿನ ಕ್ವಾರಿ ತೆರೆಯಲಾಯಿತು. ಊರ ಹತ್ತಿರದ ಹಾಸುಗಳಲ್ಲಿ ಏನೇನಿದೆ ಎಂಬುದನ್ನು ನೋಡಿ ಬರೆದಿಡಲು ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳು ಸೂಕ್ತ. ವಿದ್ಯಾರ್ಥಿಗಳು ಕೀಳದೆ, ತುಳಿಯದೆ, ಮಂಡಿಯೂರಿ ಕೂತು ನೋಡಬೇಕಾಗುತ್ತದೆ. ಒಂದು ಭೂತಕನ್ನಡಿ ಜೊತೆಗಿದ್ದರೆ ಒಳ್ಳೆಯದು. ಮಳೆ ಹಿಂದೆಗೆದು ಹಾಸು ಒಣಗಿದಂತೆ ಈ ಗಿಡಗಳೂ ಒಣಗಿ ಮಾಯವಾಗುತ್ತವೆ, ಬೀಜವು ಕಲ್ಲಿನ ಬಿರುಕಿನಲ್ಲಿ ಉಳಿದಿರುತ್ತದೆ. ಬೇಸಿಗೆಯಲ್ಲಿ ಬಂದು ನೋಡಿದವರಿಗೆ ಅಲ್ಲಿ ಬರಿಯ ಕಲ್ಲು ಕಾಣುತ್ತದೆ.